ಪಾಯಿಂಟರ್ ಪಾಠ: ಒಂದೇ ನಕ್ಷತ್ರ, ಎರಡು ಕೆಲಸ

ಇನ್ನೊಂದು ಚರದ ವಿಳಾಸವನ್ನು ಇಟ್ಟುಕೊಳ್ಳುವ ಚರವೇ ಪಾಯಿಂಟರ್. ಸಿ ಭಾಷೆಯ ಈ ವ್ಯಾಖ್ಯೆಯನ್ನು ವಿದ್ಯಾರ್ಥಿಗಳು ಬೇಗ ಬಾಯಿಪಾಠ ಮಾಡುತ್ತಾರೆ. ತೊಡಕಿರುವುದು * ಚಿಹ್ನೆಯಲ್ಲಿ. ‘ಇಂಟ್ *ಪಿ;’ ಎಂಬ ಘೋಷಣೆಯಲ್ಲಿ ಅದು ಪಿ ಒಂದು ಪಾಯಿಂಟರ್ ಎಂದಷ್ಟೇ ತಿಳಿಸುತ್ತದೆ. ‘*ಪಿ = 25;’ ಎಂದಾಗ ಪಿ ತೋರಿಸುವ ಜಾಗಕ್ಕೆ ಹೋಗಿ 25 ಬರೆಯುತ್ತದೆ.

ಆಂಡರ್ಸನ್‌ಪೇಟೆಯ ತರಗತಿಗೆ ಉದಾಹರಣೆ ಹುಡುಕಬೇಕಿಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಗಣಿ ಕಾಲೊನಿಗಳ ಸಾಲುಮನೆಗಳು ಎಲ್ಲರಿಗೂ ಗೊತ್ತು. ನೋಡಲು ಎಲ್ಲ ಒಂದೇ ತರಹ. ಗುರುತು ಸಿಗುವುದು ಸಂಖ್ಯೆಯಿಂದ. ಎ ಒಂದು ಮನೆ, ‘&ಎ’ ಅದರ ಸಂಖ್ಯೆ, ಪಿ ಒಂದು ಚೀಟಿ. ‘ಪಿ = &ಎ;’ ಎಂದರೆ ಚೀಟಿಯಲ್ಲಿ ಸಂಖ್ಯೆ ಬರೆದುಕೊಳ್ಳುವುದು; ‘*ಪಿ’ ಎಂದರೆ ಆ ಮನೆಯ ಬಾಗಿಲು ತೆರೆಯುವುದು.

ಸಂಖ್ಯೆ ಬರೆಯದ ಚೀಟಿ ಹಿಡಿದು ಹೊರಟರೆ? ವಿಳಾಸ ಕೊಡದೆ ‘*ಪಿ = 25;’ ಎಂದರೆ ಪ್ರೋಗ್ರಾಂ ಕುಸಿಯಬಹುದು. ಕುಸಿದರೆ ಒಳ್ಳೆಯದೇ, ಕೆಲವೊಮ್ಮೆ ಸರಿಯಾದ ಉತ್ತರವೇ ಬಂದು, ವಿದ್ಯಾರ್ಥಿ ಅದನ್ನೇ ನಂಬಿಬಿಡುತ್ತಾನೆ.

‘ಇಂಟ್ *ಪಿ = &ಎ;’ ಎಂಬ ಸಾಲು ಇನ್ನಷ್ಟು ಮೋಸದ್ದು. ಅಲ್ಲಿ ವಿಳಾಸ ಸೇರುವುದು ಪಿಗೆ, *ಪಿಗೆ ಅಲ್ಲ. ಆದ್ದರಿಂದ ಮೊದಲ ಅವಧಿಯಲ್ಲಿ ಘೋಷಣೆಯನ್ನೂ ವಿಳಾಸ ಕೊಡುವುದನ್ನೂ ಕಪ್ಪುಹಲಗೆಯ ಮೇಲೆ ಎರಡು ಸಾಲುಗಳಲ್ಲೇ ಬರೆಯುವುದು ಮೇಲು. ಸೇರಿಸಿ ಬರೆಯುವುದನ್ನು ಎರಡನೇ ಅವಧಿಗೆ ಇಟ್ಟುಕೊಳ್ಳಬಹುದು.