200 ಡಿಗ್ರಿ ಓವನ್‌ನಲ್ಲಿ ಬಾಪನ ರೋಡ್‌ಕಿಂಗ್

ಮನೆಯ ಹಿಂದಿನ ಶೆಡ್ಡಿನಲ್ಲಿ 17 ವರ್ಷ ನಿಂತಿದ್ದ ಯೆಜ್ಡಿ ರೋಡ್‌ಕಿಂಗನ್ನು ನಾವು ಅಣ್ಣತಮ್ಮಂದಿರು ಅಂಗಳಕ್ಕೆ ದೂಡಿಕೊಂಡು ಬಂದ ದಿನ ಬಾಪ ಕುರ್ಚಿಯಿಂದ ಏಳಲಿಲ್ಲ. ಕೇಳಿದ್ದು ಒಂದೇ ಮಾತು. "ಇಂಜಿನ್ ಬಿಚ್ಚುದು ಯಾರಿಗೂ ಆಗ್ತದೆ. ಜೋಡಿಸುದು ಯಾರು?"

ಉಳ್ಳಾಲದಿಂದ ಒಣಮೀನಿನ ಬುಟ್ಟಿ ಕಟ್ಟಿಕೊಂಡು ವಿಟ್ಲ, ಪುತ್ತೂರು, ಸುಳ್ಯದ ಸಂತೆಗಳಿಗೆ ಬಾಪ ಓಡಿಸಿದ ಗಾಡಿ ಅದು. ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ವ್ಯಾಪಾರ ಇಂಥ ಗಾಡಿಗಳ ಮೇಲೆಯೇ ನಡೆದದ್ದು ಓದುಗರಿಗೆ ಹೊಸ ವಿಷಯ ಅಲ್ಲ. ಆದರೆ ಬುಟ್ಟಿಯಿಂದ ತೊಟ್ಟಿಕ್ಕಿದ ಉಪ್ಪುನೀರು ಎಲ್ಲಿ ಹೋಯಿತು ಅಂತ ನಾವು ಯಾವತ್ತೂ ಯೋಚಿಸಿರಲಿಲ್ಲ. ಇಂಜಿನ್ ಇಳಿಸಿ ನೋಡಿದಾಗ ಗೊತ್ತಾಯಿತು. ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಹಿಂಬದಿ ಪೂರ್ತಿ ಬಿಳಿ ಹುಡಿ, ಕೆರೆದರೆ ಒಳಗೆ ಸಿಡುಬಿನ ಕಲೆಯ ಹಾಗೆ ಗುಳಿಗಳು. ಕಬ್ಬಿಣದ ತುಕ್ಕು ಕೆಂಪು, ಕಣ್ಣಿಗೆ ಬೀಳ್ತದೆ. ಅಲ್ಯೂಮಿನಿಯಂದು ಬಿಳಿ, ಸುಣ್ಣ ಅಂತ ಬಿಟ್ಟುಬಿಡ್ತೇವೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಜೆಕ್ ದೇಶದ ಜಾವಾ ಗಾಡಿಗಳನ್ನು 1960ರ ದಶಕದ ಆರಂಭದಿಂದ ಇಲ್ಲಿ ತಯಾರು ಮಾಡಿ, ಆಮೇಲೆ ಯೆಜ್ಡಿ ಅಂತ ತಮ್ಮದೇ ಹೆಸರಿಟ್ಟ ಕಂಪನಿ. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಆದರೂ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರು ಒಂದೇ ಲಿವರಿನಲ್ಲಿ. ಈಗ ಯೆಜ್ಡಿ ಹೆಸರಿನ ಹೊಸ ಗಾಡಿ ಬರ್ತಾ ಉಂಟು, ಅದು ಬೇರೆಯೇ ಜಾತಿ. ಅದರ ಕೇಸ್ ಇದಕ್ಕೆ ಕೂರುವುದಿಲ್ಲ. ಹಳೆ ಕೇಸ್ ಹಾಳಾದರೆ ಗುಜರಿಯಲ್ಲಿ ಹುಡುಕಬೇಕು, ಅದೂ ಜೋಡಿಯಾಗಿ. ಎಡ ಬಲ ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಕೂರಿಸಿಯೇ ಬೇರಿಂಗಿನ ತೂತು ಕೊರೆದಿರ್ತಾರೆ. ಒಂದು ಹೋದರೆ ಇನ್ನೊಂದೂ ಹೋದ ಹಾಗೆ.

ನಾವು ಮಾಡ ಹೊರಟದ್ದು ಕಸ್ಟಮ್ ಗಾಡಿ. ಮಡ್‌ಗಾರ್ಡ್ ಗಿಡ್ಡ, ಸಿಂಗಲ್ ಸೀಟು, ಫ್ರೇಮ್ ಕಪ್ಪು. ಇಂಜಿನ್‌ಗೆ ಎಂಥದು ಮಾಡುವುದು ಎಂಬಲ್ಲಿ ಜಗಳ ಸುರುವಾಯಿತು. ಮೂಲದಲ್ಲಿ ಕೇಸಿಗೆ ಬಣ್ಣ ಇಲ್ಲ, ಬರೀ ಅಲ್ಯೂಮಿನಿಯಂ. ಯೆಜ್ಡಿ ಪ್ರೇಮಿಗಳ ಪೈಕಿ ಕಟ್ಟಾ ಮಂದಿಗೆ ಕೇಸಿಗೆ ಬಣ್ಣ ಬಳಿಯುವುದೆಂದರೆ ಪಾಪ. ಅವರ ಮಾತಿನಲ್ಲಿ ಅರ್ಥ ಉಂಟು. ಪಾಲಿಶ್ ಮಾಡಿದ ಅಲ್ಯೂಮಿನಿಯಂನ ಚಂದ ಬೇರೆಯೇ. ಆದರೆ ಅವರು ಬೆಂಗಳೂರಿನಲ್ಲಿ ಇರುವವರು, ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಅಲ್ಲ. ಇಲ್ಲಿ ಪಾಲಿಶ್ ಒಂದು ಮಳೆಗಾಲ ಕೂಡ ನಿಲ್ಲುವುದಿಲ್ಲ. ಹಾಗೆ ಪೌಡರ್ ಕೋಟಿಂಗ್ ಅಂತ ತೀರ್ಮಾನ ಆಯಿತು.

ಪೌಡರ್ ಕೋಟಿಂಗ್ ನಮಗೆಲ್ಲ ಗೊತ್ತಿರುವುದೇ. ಮನೆಯ ಅಲ್ಯೂಮಿನಿಯಂ ಕಿಟಕಿ, ಗೇಟು, ಆಫೀಸಿನ ಕಪಾಟು, ಎಲ್ಲದಕ್ಕೂ ಅದೇ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬವರು ಹುಟ್ಟುಹಾಕಿದ ವಿದ್ಯೆ. ಅವರು ಬಿಸಿ ಮಾಡಿದ ಕಬ್ಬಿಣವನ್ನು ಹುಡಿಯ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಈಗ ಗನ್ ಉಂಟು. ಗನ್‌ನಿಂದ ಹೊರಟ ಒಣ ಹುಡಿಗೆ ವಿದ್ಯುತ್ತಿನ ಚಾರ್ಜ್ ಕೊಡ್ತಾರೆ, ತೂಗುಹಾಕಿದ ವಸ್ತುವಿಗೆ ಅರ್ತ್ ಕೊಟ್ಟಿರ್ತಾರೆ, ಹುಡಿ ಓಡಿ ಹೋಗಿ ಅಂಟಿಕೊಳ್ತದೆ. ಆಮೇಲೆ ಓವನ್‌ಗೆ ಹಾಕಿದರೆ ಕರಗಿ, ಹರಡಿ, ಗಟ್ಟಿಯಾಗ್ತದೆ. ತಿನ್ನರ್ ಇಲ್ಲ, ಸೋರುವುದಿಲ್ಲ. ಪದರದ ದಪ್ಪ ಸುಮಾರು 60ರಿಂದ 100 ಮೈಕ್ರಾನ್. ಈ ದಪ್ಪವೇ ಅದರ ಗುಣ. ಇಂಜಿನ್‌ನಲ್ಲಿ ಅದೇ ದೋಷ ಕೂಡ, ಇದು ನಮಗೆ ತಡವಾಗಿ ಗೊತ್ತಾದದ್ದು.

ಪುಣ್ಯಕ್ಕೆ ನಾವು ಮೊದಲು ಕೊಟ್ಟದ್ದು ಎಡಗಡೆಯ ಕ್ಲಚ್ ಕವರ್ ಒಂದನ್ನು ಮಾತ್ರ. ಕಿಟಕಿ ಕೆಲಸ ಮಾಡುವ ಒಂದು ಅಂಗಡಿಗೆ ಕೊಟ್ಟೆವು. ಎರಡು ದಿನದಲ್ಲಿ ಕೊಟ್ಟರು. ದೂರದಿಂದ ನೋಡಿದರೆ ಮದುವೆ ಹೆಣ್ಣಿನ ಹಾಗೆ ಇತ್ತು ಮಾರಾಯ್ರೆ. ಹತ್ತಿರ ಹೋದರೆ ಮೈಯೆಲ್ಲ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು, ಕೆಲವು ಕಡೆ ಗುಳ್ಳೆ. ಪ್ಯಾಕಿಂಗ್ ಕೂರುವ ಅಂಚಿನ ಮೇಲೂ ಬಣ್ಣ. ಸ್ಕ್ರೂ ಹೋಗುವ ತೂತಿನಲ್ಲೂ ಬಣ್ಣ. ಅಂಗಡಿಯವರದು ತಪ್ಪು ಅನ್ನುವ ಹಾಗಿಲ್ಲ. ಕಿಟಕಿಗೆ ಪ್ಯಾಕಿಂಗ್ ಇಲ್ಲ, ನಾವು ಹೇಳಿಯೂ ಇರಲಿಲ್ಲ.

ದಾರಿ ತೋರಿಸಿದವರು ನೆರೆಮನೆಯ ಕಾಕ. ಶಾರ್ಜಾದಲ್ಲಿ ಅಲ್ಯೂಮಿನಿಯಂ ಕಂಪನಿಯ ಕೋಟಿಂಗ್ ಲೈನ್‌ನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಬಂದವರು. ಗಲ್ಫಿಗೆ ಹೋದವರು ಎಂಥ ಕೆಲಸ ಮಾಡಿದ್ರು ಅಂತ ನಾವು ಊರಿನವರು ಕೇಳುವುದೇ ಕಡಿಮೆ, ತಂದದ್ದು ಎಷ್ಟು ಅಂತ ಮಾತ್ರ ಲೆಕ್ಕ. ಅವರು ಕವರನ್ನು ಬಿಸಿಲಿಗೆ ಹಿಡಿದು ಒಮ್ಮೆ ನೋಡಿ, "ಎಣ್ಣೆ ಕುಡಿದ ಲೋಹ ಇದು, ಬೇಯಿಸದೆ ಬಣ್ಣ ಹಾಕಿದ್ದಾರೆ" ಅಂದ್ರು.

ವಿಷಯ ಇಷ್ಟೆ. ಕಿಟಕಿಯ ಪಟ್ಟಿ ಒತ್ತಿ ತೆಗೆದದ್ದು, ಗಟ್ಟಿ. ಇಂಜಿನ್ ಕೇಸ್ ಎರಕ ಹೊಯ್ದದ್ದು, ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಇರ್ತವೆ. ನಲ್ವತ್ತು ವರ್ಷದ ಆಯಿಲ್ ಅದರಲ್ಲಿ ಸೇರಿಕೊಂಡಿದೆ. ಮೇಲೆ ಎಷ್ಟು ತೊಳೆದರೂ ಓವನ್‌ನ ಬಿಸಿಗೆ ಒಳಗಿನ ಎಣ್ಣೆ ಮತ್ತು ಗಾಳಿ ಆವಿಯಾಗಿ ಹೊರಗೆ ನುಗ್ಗುತ್ತದೆ. ಆ ಹೊತ್ತಿಗೆ ಮೇಲಿನ ಹುಡಿ ಕರಗಿ ಮುಚ್ಚಳ ಹಾಕಿರ್ತದೆ. ಅದನ್ನು ತೂತು ಮಾಡಿಕೊಂಡು ಆವಿ ಹೊರಬರ್ತದೆ. ಮದ್ದು ಒಂದೇ, ಬಣ್ಣ ಹಾಕುವ ಮೊದಲು ಖಾಲಿ ಕೇಸನ್ನೇ ಓವನ್‌ನಲ್ಲಿ ಇಡುವುದು. ಬಣ್ಣ ಬೇಯುವ ಬಿಸಿಗಿಂತ ಸ್ವಲ್ಪ ಜಾಸ್ತಿ ಬಿಸಿ ಕೊಟ್ಟು, ಬೆವರಿದ ಎಣ್ಣೆಯನ್ನು ಒರೆಸಿ, ಮತ್ತೆ ಇಡುವುದು.

ಕಾಕನ ಪರಿಚಯದ ಇನ್ನೊಂದು ಅಂಗಡಿಯಲ್ಲಿ ಒಂದು ಭಾನುವಾರ ಓವನ್ ನಮಗೆ ಬಿಟ್ಟುಕೊಟ್ಟರು. ಹೋಗುವ ಮೊದಲೇ ಕೇಸಿನಿಂದ ಬೇರಿಂಗ್, ಆಯಿಲ್ ಸೀಲ್, ಬುಶ್, ಸ್ಟಡ್ ಎಲ್ಲ ತೆಗೆದಾಗಿತ್ತು. ಸೀಲಿನ ರಬ್ಬರು 200 ಡಿಗ್ರಿಗೆ ಸುಟ್ಟು ಹೋಗ್ತದೆ, ಬೇರಿಂಗಿನ ಗ್ರೀಸ್ ಕರಗಿ ಹರೀತದೆ. ಗುಳಿ ತೆಗೆಯಲು ಮರಳು ಹೊಡೆಸುವ ಯೋಚನೆ ನಮ್ಮದು. ಕಾಕ ಬೇಡವೇ ಬೇಡ ಅಂದರು. ಮರಳಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್, ವಾಸಿ ಆಗದ ಕಾಯಿಲೆ. ಮೇಲಾಗಿ ಮೆತ್ತನೆ ಅಲ್ಯೂಮಿನಿಯಂನಲ್ಲಿ ಮರಳು ಕಚ್ಚಿಕೊಂಡು ಕೂರ್ತದೆ, ಇಂಜಿನ್ ಓಡುವಾಗ ಬಿಟ್ಟು ಬೇರಿಂಗ್ ತಿನ್ನುತ್ತದೆ. ಗಾಜಿನ ಮಣಿಯಲ್ಲಿ ಬ್ಲಾಸ್ಟಿಂಗ್ ಮಾಡಿಸಿದೆವು. ಆಮೇಲೆ ಬಿಸಿನೀರು, ಸೋಪು, ಬ್ರಷ್ಷು. ಬೇರಿಂಗಿಗೆ ಎಣ್ಣೆ ಹೋಗುವ ಒಂದೊಂದು ಸಣ್ಣ ತೂತಿಗೂ ಗಾಳಿ ಹೊಡೆದು, ತಂತಿ ತೂರಿಸಿ ತೆಗೆದೆವು.

ಖಾಲಿ ಕೇಸ್ ಬೇಯುವಾಗ ಓವನ್‌ನ ಸಂದಿನಿಂದ ಬಂದ ಹೊಗೆಯ ವಾಸನೆ ಎಂಥದ್ದು ಅಂತ ಹೇಳುವುದು ಹೇಗೆ? ಸುಟ್ಟ ಆಯಿಲ್, ಅದರ ಒಟ್ಟಿಗೆ ಎಲ್ಲೋ ಒಣಮೀನು. ಎರಡನೆಯದು ನಮ್ಮ ಭ್ರಮೆ ಇರಬಹುದು.

ಬಣ್ಣಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಬಣ್ಣ ಬೀಳಬಾರದ ಜಾಗ ಮುಚ್ಚಲು. ಎರಡು ಸಂಜೆ. ಬಿಸಿ ತಡೆಯುವ ಹಸಿರು ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಎರಡು ಹೋಳು ಸೇರುವ ಅಂಚಿಗೆ, ಬ್ಯಾರಲ್ ಕೂರುವ ಮುಖಕ್ಕೆ, ಬೇರಿಂಗ್ ಮನೆಗೆ ಅಂಟಿಸಿದ್ದು. ಥ್ರೆಡ್ ಇರುವ ತೂತಿಗೆಲ್ಲ ಸಿಲಿಕೋನ್ ಬಿರಡೆ. ಇಷ್ಟು ನಾಜೂಕು ಯಾಕೆ? ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಬರುವುದು ಕ್ರ್ಯಾಂಕ್‌ಕೇಸಿಗೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಕಾರ್ಬೊರೇಟರ್ ದಾಟದ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಡಿಮೆ, ಅದರೊಟ್ಟಿಗೆ ಬೆರೆಸಿದ ಆಯಿಲೂ ಕಡಿಮೆ. ಪಿಸ್ಟನ್ ಬಿಸಿಯಾಗಿ ಬ್ಯಾರಲ್ಲಿಗೆ ಕಚ್ಚಿಕೊಳ್ತದೆ. ಓಡುವ ಗಾಡಿಯಲ್ಲಿ ಹಿಂದಿನ ಚಕ್ರ ನಿಂತುಬಿಟ್ಟರೆ ಆಮೇಲೆ ಬಣ್ಣದ ಚಂದ ನೋಡುವವರು ಯಾರು?

ಕೇಸಿನ ಮೇಲೆ ಇಂಜಿನ್ ನಂಬರ್ ಉಂಟು, ಅದರ ಮೇಲೂ ಟೇಪು. ದಯವಿಟ್ಟು ಇದನ್ನು ಮರೆಯಬೇಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ರಿನ್ಯೂ ಮಾಡಲು ಹೋದಾಗ ಇನ್‌ಸ್ಪೆಕ್ಟರ್ ಈ ನಂಬರುಗಳನ್ನು ಆರ್‌ಸಿಗೆ ಹೋಲಿಸಿ ನೋಡ್ತಾರೆ. ಬ್ಲಾಸ್ಟಿಂಗಿನಲ್ಲಿ ಸವೆದ, ಬಣ್ಣದಲ್ಲಿ ಮುಚ್ಚಿದ ನಂಬರು ಕದ್ದ ಗಾಡಿಯ ನಂಬರಿನ ಹಾಗೇ ಕಾಣುವುದು. ವಿಂಟೇಜ್ ಅಂತ ರಿಯಾಯಿತಿ ಸಿಗ್ತದೆ ಅಂತಲೂ ಕಾಯಬೇಡಿ. 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ಅಂದರೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿಯೇ ಇರಬೇಕು. ನಮ್ಮದು ಎರಡರಲ್ಲೂ ಫೇಲು.

ಓವನ್‌ನ ಡಯಲ್ 200 ತೋರಿಸಿದ ಕೂಡಲೇ ಅಂಗಡಿಯ ಹುಡುಗ ಗಡಿಯಾರ ನೋಡಲು ಸುರು ಮಾಡಿದ. ಕಾಕ ತಡೆದರು. ಅದು ಗಾಳಿಯ ಬಿಸಿ, ಲೋಹದ್ದಲ್ಲ. ತೆಳು ಕಿಟಕಿ ಪಟ್ಟಿ ಬೇಗ ಬಿಸಿಯಾಗ್ತದೆ, ದಪ್ಪ ಕೇಸಿಗೆ ಹೊತ್ತು ಬೇಕು. ಲೋಹವೇ 200 ಮುಟ್ಟಿದ ಮೇಲೆ ಹತ್ತು ನಿಮಿಷದ ಲೆಕ್ಕ. ಅರೆಬೆಂದ ಬಣ್ಣ ನೋಡಲು ಸರಿಯಾಗಿಯೇ ಇರ್ತದೆ, ಕಾರ್ಬೊರೇಟರಿನಿಂದ ಪೆಟ್ರೋಲ್ ಸುರಿದ ದಿನ ಅದರ ಬಂಡವಾಳ ಹೊರಗೆ ಬೀಳ್ತದೆ. ಹುಡಿ ಪಾಲಿಯೆಸ್ಟರಿನದ್ದು ತೆಗೆದುಕೊಂಡೆವು, ಬೂದಿ ಬಣ್ಣ, ಹೊಳಪು ಕಡಿಮೆ. ಇಪಾಕ್ಸಿ ಹುಡಿ ಎಣ್ಣೆಗೆ ಗಟ್ಟಿ, ಆದರೆ ಬಿಸಿಲಿಗೆ ಬಿಳುಚಿಕೊಳ್ತದೆ.

ಬ್ಯಾರಲ್ಲಿಗೂ ಹೆಡ್ಡಿಗೂ ಪೌಡರ್ ಹಾಕಲಿಲ್ಲ. ಇದು ನಮ್ಮ ಅಭಿಪ್ರಾಯ, ಒಪ್ಪದವರು ಇದ್ದಾರೆ. ಗಾಳಿಯಿಂದಲೇ ತಣಿಯಬೇಕಾದ ಇಂಜಿನ್, ರೆಕ್ಕೆಗಳ ಕೆಲಸವೇ ಬಿಸಿ ಬಿಡುವುದು. ಅದಕ್ಕೆ ದಪ್ಪ ಪದರದ ಅಂಗಿ ತೊಡಿಸುವುದು ಯಾಕೆ? ಬಿಸಿ ತಡೆಯುವ ಬೇರೆ ಜಾತಿಯ ಪೌಡರ್ ಉಂಟು, ನಮಗೆ ಸಿಗಲಿಲ್ಲ. ಬಿಸಿ ತಡೆಯುವ ಕಪ್ಪು ಸ್ಪ್ರೇ ಪೇಂಟನ್ನು ತೆಳ್ಳಗೆ ಹೊಡೆದು ಸುಮ್ಮನಾದೆವು.

ಜೋಡಿಸಿದ್ದು ಯಾರು ಅಂತ ಬಾಪ ಕೇಳಿದ್ದರಲ್ಲ. ಪೇಟೆಯ ಹಳೆ ಮೆಕ್ಯಾನಿಕ್ ಒಬ್ಬರು, ನಾವು ಸ್ಪ್ಯಾನರ್ ಕೊಟ್ಟವರು. ಗಾಳಿ ಸೋರ್ತದಾ ನೋಡಲು ಅವರು ಕೇಳಿದ್ದು ಉಮ್ಮನ ಹಳೆ ಬಿಪಿ ಮೆಷಿನ್. ಡಯಲ್ ಇರುವ, ಕೈಯಲ್ಲಿ ಒತ್ತುವ ರಬ್ಬರು ಚೆಂಡಿನದ್ದು. ಕಾರ್ಬೊರೇಟರ್ ಜಾಗ, ಎರಡೂ ಸೈಲೆನ್ಸರಿನ ಬಾಯಿ ರಬ್ಬರಿನಿಂದ ಬಂದ್ ಮಾಡಿ, ಒಂದು ಕಡೆಯಿಂದ ಚೆಂಡು ಒತ್ತಿ 250ಕ್ಕೆ ಏರಿಸಿದರು. ಹೆಚ್ಚುಕಡಿಮೆ 5 ಪಿಎಸ್‌ಐ. ಉಮ್ಮ ಬಾಗಿಲಲ್ಲಿ ನಿಂತು "ನಂದು ಕೂಡ ಇಷ್ಟು ಏರಿಲ್ಲ" ಅಂದರು. ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಸೋಪಿನ ನೀರು ಹಚ್ಚಿದರೆ ಬ್ಯಾರಲ್ಲಿನ ಬುಡದಲ್ಲಿ ಒಂದೇ ಒಂದು ಗುಳ್ಳೆ. ಬಿಚ್ಚಿ ನೋಡಿದರೆ ಒಂದು ಸ್ಟಡ್ಡಿನ ಹತ್ತಿರ ಟೇಪ್ ಎದ್ದು, ಉಗುರಿನಷ್ಟು ಜಾಗಕ್ಕೆ ಬಣ್ಣ ನುಗ್ಗಿತ್ತು. ಕೆರೆದು, ಗಾಜಿನ ಮೇಲೆ ಎಮರಿ ಇಟ್ಟು ಮುಖ ಸಮ ಮಾಡಿ, ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಮುಳ್ಳು ನಿಂತಿತು.

ಆದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಇಪ್ಪತ್ತು ಕಿಕ್, ಮೂವತ್ತು ಕಿಕ್. ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ. ಕಾಯಿಲ್ ಬದಲಿಸಿ, ಪಾಯಿಂಟ್ ಉಜ್ಜಿ, ಕೊನೆಗೆ ಮೆಕ್ಯಾನಿಕ್ ನಗಲಿಕ್ಕೆ ಸುರು ಮಾಡಿದರು. ಫ್ರೇಮಿಗೂ ಪೌಡರ್, ಇಂಜಿನ್‌ಗೂ ಪೌಡರ್, ನಡುವೆ ಕರೆಂಟ್ ಹೋಗುವುದು ಎಲ್ಲಿಂದ? ಪೌಡರ್ ಪದರದಲ್ಲಿ ವಿದ್ಯುತ್ ಹರಿಯುವುದಿಲ್ಲ. ಇಂಜಿನ್ ಕೂರುವ ಒಂದು ಬೋಲ್ಟಿನ ಸುತ್ತ ಬಣ್ಣ ಕೆರೆದು ಅರ್ತ್ ವಯರ್ ಎಳೆದ ಮೇಲೆ ಮೂರನೇ ಕಿಕ್ಕಿಗೆ ಹಿಡಿಯಿತು.

ಬಾಪನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಬೂದಿ ಬಣ್ಣ, ಗಿಡ್ಡ ಮಡ್‌ಗಾರ್ಡ್ ಯಾವುದನ್ನೂ ಅವರು ಕೇಳಲಿಲ್ಲ. ಕುರ್ಚಿ ಹತ್ತಿರ ಎಳೆಸಿಕೊಂಡು ಸ್ವಲ್ಪ ಹೊತ್ತು ಶಬ್ದ ಕೇಳಿದರು. ಬಲಗಡೆಯ ಸೈಲೆನ್ಸರ್‌ನಲ್ಲಿ ಹೊಗೆ ಕಡಿಮೆ ಉಂಟಾ ಅಂತ ಕೇಳಿದರು. ಉಂಟು ಅಂದೆವು. "ಅದು ಮೊದಲಿಂದಲೂ ಹಾಗೇ. ಸುಳ್ಯದ ಘಾಟಿಯಲ್ಲಿ ಒಮ್ಮೆ ಬಿದ್ದಿದ್ದೆ. ಪೈಪು ಒಳಗೆ ಜಜ್ಜಿ ಹೋಗಿದೆ, ಬಿಚ್ಚಿ ನೋಡಿ" ಅಂದರು. ಬಿಚ್ಚಿದರೆ ಹೌದು, ಹಾಗೇ ಇತ್ತು.