ರಾಡಾರ್ ಮ್ಯಾಪಿನ ಕೆಂಪು ಚುಕ್ಕೆ ಏನು ಹೇಳುತ್ತೆ?

ಆಫೀಸಿನಿಂದ ಹೊರಡೋ ಮುಂಚೆ ಫೋನಿನಲ್ಲಿ ರಾಡಾರ್ ಮ್ಯಾಪ್ ನೋಡೋದು ನಮ್ಮಲ್ಲಿ ಹಲವರಿಗೆ ಅಭ್ಯಾಸ. ಹಸಿರಿದ್ದರೆ ಗಾಡಿ ತೆಗೀತೀವಿ, ಕೆಂಪಿದ್ದರೆ ಇನ್ನೊಂದು ಕಾಫಿ. ಆದರೆ ಆ ಬಣ್ಣ ನೇರವಾಗಿ ಮಳೆಯ ಅಳತೆ ಅಲ್ಲ. ಹನಿಗಳಿಗೆ ಬಡಿದು ವಾಪಸ್ ಬಂದ ರೇಡಿಯೊ ಅಲೆ ಎಷ್ಟು ಬಲವಾಗಿದೆ ಅನ್ನೋದರ ಲೆಕ್ಕ.

ಹನಿ ದೊಡ್ಡದಾದಷ್ಟೂ...

2 ಮಿ.ಮೀ. ಹನಿಯಲ್ಲಿ 1 ಮಿ.ಮೀ. ಹನಿಗಿಂತ 8 ಪಟ್ಟು ನೀರಿರುತ್ತೆ. ಆದರೆ ಅದು ರಾಡಾರ್‌ಗೆ ವಾಪಸ್ ಕಳಿಸೋ ಅಲೆ 64 ಪಟ್ಟು! ಹಾಗಾಗಿ ಕೆಲವೇ ದಪ್ಪ ಹನಿಗಳಿದ್ದರೂ ಮ್ಯಾಪ್ ಕೆಂಪಾಗಬಹುದು. ಆಲಿಕಲ್ಲು ಇದ್ದರಂತೂ ಕೇಳೋದೇ ಬೇಡ.

ಎರಡು ಥರದ ಮಳೆ

ಮೋಡವನ್ನು ಮೇಲಿಂದ ಕೆಳಗೆ ಕೊಯ್ದಂತೆ ನೋಡಿದರೆ ಇನ್ನೊಂದು ಕಥೆ ಸಿಗುತ್ತೆ. ಗಂಟೆಗಟ್ಟಲೆ ಜಿಟಿಜಿಟಿ ಸುರಿಯೋ ಮಳೆಯಲ್ಲಿ, ನಮ್ಮ ಕಡೆ ಸುಮಾರು 5 ಕಿ.ಮೀ. ಎತ್ತರದಲ್ಲಿ ಒಂದು ಹೊಳೆಯುವ ಪಟ್ಟಿ ಕಾಣುತ್ತೆ. ಮೇಲಿಂದ ಬೀಳೋ ಹಿಮದ ಹರಳು ಅಲ್ಲಿ ಕರಗಲು ಶುರುವಾಗಿ ಮೈಯೆಲ್ಲ ನೀರಾಗುತ್ತೆ, ರಾಡಾರ್ ಕಣ್ಣಿಗೆ ಭಾರೀ ಹನಿಯಂತೆ ಕಾಣುತ್ತೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು: ಬೇಸಿಗೆ ನಾಡಿನ ಮಳೆಯಲ್ಲೂ ಎಷ್ಟೋ ಪಾಲು ಹುಟ್ಟುವಾಗ ಹಿಮವೇ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬೇರೆ. ಅಲ್ಲಿ ಪಟ್ಟಿ ಇರಲ್ಲ, ನೆಟ್ಟಗೆ ನಿಂತ ಕಂಬ ಇರುತ್ತೆ. ಅಂಥ ಒಂದು ಕಂಬದ ಆಯಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೇ. ಆದರೆ ಅಷ್ಟರಲ್ಲೇ ರಸ್ತೆ ಹೊಳೆಯಾಗಬಹುದು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವ ಟೆಕ್ಕಿಯೊಬ್ಬರು ಜೀವ ಕಳೆದುಕೊಂಡಿದ್ದು ಇಂಥದ್ದೇ ಬೇಸಿಗೆ ಮಳೆಯಲ್ಲಿ.

ಮ್ಯಾಪ್ ಖಾಲಿ, ಹೊರಗೆ ಮಳೆ!

ಇದು ಯಾಕೆ ಗೊತ್ತಾ? ಚೆನ್ನೈ ರಾಡಾರ್‌ನಿಂದ ಬೆಂಗಳೂರು ಸುಮಾರು 290 ಕಿ.ಮೀ. ಭೂಮಿ ದುಂಡಗಿದೆ, ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತೆ. ಇಲ್ಲಿಗೆ ಬರುವಷ್ಟರಲ್ಲಿ ಅದು ನಮ್ಮ ತಲೆ ಮೇಲೆ ಆರೇಳು ಕಿ.ಮೀ. ಎತ್ತರದಲ್ಲಿರುತ್ತೆ. ಎತ್ತರದ ಗುಡುಗು ಮೋಡದ ನೆತ್ತಿ ಸಿಗುತ್ತೆ, ಕೆಳಗಿನ ಮುಂಗಾರು ಸೋನೆ ತಪ್ಪಿಹೋಗುತ್ತೆ.

ನಾನು ನೋಡೋದು ಹೀಗೆ

• ಒಂದೇ ಚಿತ್ರ ನಂಬಲ್ಲ. ಹಿಂದಿನ ಮೂರ್ನಾಲ್ಕು ಚಿತ್ರ ಓಡಿಸಿ, ಚುಕ್ಕೆ ಬೆಳೀತಿದೆಯಾ, ಯಾವ ಕಡೆ ಸಾಗ್ತಿದೆ ಅಂತ ನೋಡ್ತೀನಿ.

• ಹವಾಮಾನ ಇಲಾಖೆಯ 'ಮ್ಯಾಕ್ಸ್ ಝಡ್' ಚಿತ್ರದ ಮೇಲ್ಭಾಗ ಮತ್ತು ಬಲಬದಿಯ ಪಟ್ಟಿಗಳು ಎತ್ತರ ತೋರಿಸುತ್ತವೆ. ಕೆಂಪು ತುಂಬಾ ಮೇಲಕ್ಕೆ ಚಾಚಿದ್ದರೆ ಗುಡುಗು ಮಳೆ ಅಂತ ಹುಷಾರಾಗ್ತೀನಿ.

• ಚಿತ್ರದ ಮೇಲಿನ ಸಮಯ ತಪ್ಪದೆ ಓದ್ತೀನಿ. ಫೋನಿಗೆ ಬರುವಷ್ಟರಲ್ಲಿ ಅದು ಕೆಲವು ನಿಮಿಷ ಹಳೇದು.

ಕಂಬದಂಥ ಮಳೆ ನಿಮ್ಮ ದಾರಿಗೆ ಅಡ್ಡ ಬರ್ತಿದ್ದರೆ ಒಂದು ಗಂಟೆ ತಡವಾದರೂ ಪರವಾಗಿಲ್ಲ, ಕಾಯಿರಿ. ನೀರು ನಿಂತ ಅಂಡರ್‌ಪಾಸ್‌ಗೆ ಮಾತ್ರ, ಮ್ಯಾಪ್ ಯಾವ ಬಣ್ಣದಲ್ಲಿದ್ದರೂ, ಗಾಡಿ ಇಳಿಸಬೇಡಿ.