ರಜೆಯ ಎರಡು ವಾರಕ್ಕೆ ಎಂಟನೇ ಕ್ಲಾಸಿನಿಂದಲೇ ತಯಾರಿ

ಪರೀಕ್ಷೆ ಮುಗಿದ ಕೂಡಲೇ ನಮ್ಮ ಮನೆಗಳಲ್ಲಿ ಎರಡೇ ಮಾತು: ಊರಿಗೆ ಯಾವಾಗ ಹೋಗೋದು, ಈ ಸಲ ಮದುವೆ ಯಾರದ್ದು? ಎರಡೂ ಬೇಕು ಬಿಡಿ. ಆದರೆ ಅದೇ ಬೇಸಿಗೆ ರಜೆಯಲ್ಲಿ ದೇಶದ ಎಲ್ಲ ರಾಜ್ಯಗಳಿಂದ ಆಯ್ಕೆಯಾದ ಒಂಬತ್ತನೇ ತರಗತಿಯ ಮಕ್ಕಳು ಇಸ್ರೋ ಕೇಂದ್ರಗಳಲ್ಲಿ ಎರಡು ವಾರ ಇದ್ದು ಕಲಿಯುತ್ತಾರೆ ಅನ್ನೋದು ನಿಮಗೆ ಗೊತ್ತೆ?

ಇದರ ಹೆಸರು ಯುವಿಕಾ, ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ. 2019ರಲ್ಲಿ ಶುರುವಾಯಿತು. ಬೆಂಗಳೂರು, ಹೈದರಾಬಾದ್, ತಿರುವನಂತಪುರ, ಅಹಮದಾಬಾದ್, ಡೆಹ್ರಾಡೂನ್ ಮುಂತಾದ ಕಡೆಗಳಲ್ಲಿರುವ ಇಸ್ರೋ ಕೇಂದ್ರಗಳಲ್ಲಿ ನಡೆಯುತ್ತದೆ. ಮಕ್ಕಳು ಪ್ರಯೋಗಾಲಯ ನೋಡುತ್ತಾರೆ, ಮಾದರಿ ರಾಕೆಟ್ ಬಗ್ಗೆ ಕಲಿಯುತ್ತಾರೆ, ವಿಜ್ಞಾನಿಗಳನ್ನು ನೇರವಾಗಿ ಪ್ರಶ್ನೆ ಕೇಳುತ್ತಾರೆ. ಊಟ, ವಸತಿ, ಮಗುವಿನ ಪ್ರಯಾಣದ ಖರ್ಚು ಇಸ್ರೋದ್ದು. ಫೀಸು ಇಲ್ಲ.

"ಅದೆಲ್ಲ ದೊಡ್ಡ ಸ್ಕೂಲಿನ ಮಕ್ಕಳಿಗೆ, ಟೀಚರ್" ಅಂತ ಒಬ್ಬ ಅಬ್ಬಾ ನನಗೆ ಹೇಳಿದ್ದರು. ಹಾಗಲ್ಲ. ಇತ್ತೀಚಿನ ವರ್ಷಗಳ ಪ್ರಕಟಣೆಯಲ್ಲಿರುವ ಲೆಕ್ಕ ನೋಡಿ. ನೂರರಲ್ಲಿ 50 ಅಂಕ ಎಂಟನೇ ತರಗತಿಯ ಫಲಿತಾಂಶಕ್ಕೆ. ಆನ್‌ಲೈನ್ ಕ್ವಿಜ್‌ಗೆ 10. ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದರೆ ಹೆಚ್ಚೆಂದರೆ 10. ಒಲಿಂಪಿಯಾಡ್ ಬಹುಮಾನಕ್ಕೆ 5, ಕ್ರೀಡೆಗೆ 5, ಸ್ಕೌಟ್-ಗೈಡ್ಸ್ ಅಥವಾ ಎನ್‌ಸಿಸಿಗೆ 5. ಪಂಚಾಯಿತಿ ವ್ಯಾಪ್ತಿಯ ಹಳ್ಳಿ ಶಾಲೆಯ ಮಗುವಿಗೆ 15.

ಈ ಪಟ್ಟಿಯಲ್ಲಿ ಅಪ್ಪನ ಸಂಬಳ ಕೇಳಿಲ್ಲ, ಮನೆಮಾತು ಯಾವುದು ಅಂತಲೂ ಕೇಳಿಲ್ಲ. ಆದರೆ ಒಂದು ಮಾತು ಅದರೊಳಗೆ ಅಡಗಿದೆ. ಅಂಕಗಳಲ್ಲಿ ಹೆಚ್ಚಿನವು ಅರ್ಜಿ ಹಾಕುವ ಹೊತ್ತಿಗೆ ಆಗಲೇ ತೀರ್ಮಾನವಾಗಿರುತ್ತವೆ. ಒಂಬತ್ತನೇ ಕ್ಲಾಸಿನಲ್ಲಿ ಎಚ್ಚರವಾದರೆ ಕ್ವಿಜ್ ಬಿಟ್ಟು ಕೈಯಲ್ಲಿ ಉಳಿಯೋದು ಕಡಿಮೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಒಳ್ಳೆಯ ಅಂಕ, ವಿಜ್ಞಾನ ಮೇಳದಲ್ಲಿ ನೀರು ಶುದ್ಧ ಮಾಡುವ ಮಾದರಿ ಇಟ್ಟಿದ್ದಳು. ಯುವಿಕಾ ಪ್ರಕಟಣೆಯನ್ನು ನಾನು ಫೋನಿನಲ್ಲಿ ನೋಡಿದ್ದೆ, "ನಾಳೆ ಹೇಳೋಣ" ಅಂದುಕೊಂಡೆ. ಹೇಳುವಾಗ ಮೂರು ದಿನ ಉಳಿದಿತ್ತು. ಮೇಳದ ಸರ್ಟಿಫಿಕೇಟ್ ಮನೆ ಬದಲಾಯಿಸುವಾಗ ಎಲ್ಲೋ ಹೋಗಿತ್ತು. ಮನೆಯಲ್ಲಿ ಅಮ್ಮಿ "ಹೆಣ್ಣುಮಗು, ಎರಡು ವಾರ ಹೊರಗೆ ಹೇಗೆ?" ಅಂತ ಯೋಚಿಸುವಷ್ಟರಲ್ಲಿ ದಿನ ದಾಟಿತು. ಅವಳನ್ನು ಯಾರೂ ತಿರಸ್ಕರಿಸಲಿಲ್ಲ. ಅವಳ ಅರ್ಜಿಯೇ ಹೋಗಲಿಲ್ಲ.

ಆ ಅಮ್ಮಿಯ ಪ್ರಶ್ನೆ ತಪ್ಪಲ್ಲ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಮೊದಲೇ ಕೇಳಿದರೆ ಉತ್ತರ ಹುಡುಕಲು ಸಮಯ ಸಿಗುತ್ತದೆ: ವಸತಿ ಎಲ್ಲಿ, ಜೊತೆಗೆ ಯಾರಿರುತ್ತಾರೆ, ಫೋನ್ ಮಾಡಬಹುದಾ, ಬಿಟ್ಟು ಬರೋದು ಯಾರು, ಕರ್ಕೊಂಡು ಬರೋದು ಯಾರು.

ಇಂಥ ಶಿಬಿರದಿಂದ ಇಸ್ರೋ ನೌಕರಿ ಸಿಗೋದಿಲ್ಲ, ಕಾಲೇಜು ಸೀಟೂ ಖಾತ್ರಿಯಿಲ್ಲ. ಹಾಗಾದರೆ ಏನು ಲಾಭ? ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಕೇಳಿ "ಜಾಸ್ತಿ ಮಾತಾಡ್ತಾಳೆ" ಅನ್ನಿಸಿಕೊಂಡ ಮಗುವಿಗೆ ತನ್ನಂಥವರು ಸಿಗುತ್ತಾರೆ. ವಿಜ್ಞಾನಿ ಅಂದರೆ ಪುಸ್ತಕದ ಫೋಟೋ ಅಲ್ಲ, ಎದುರು ಕೂತು ಮಾತಾಡುವ ಮನುಷ್ಯ ಅನ್ನೋದು ಗೊತ್ತಾಗುತ್ತದೆ. ಹಾಗೇ, ಆಯ್ಕೆಯಾಗದಿದ್ದರೂ ಮೇಳಕ್ಕೆಂದು ಮಾಡಿದ ಪ್ರಯೋಗ ಎಲ್ಲೂ ಹೋಗೋದಿಲ್ಲ.

ಒಂದು ಎಚ್ಚರಿಕೆ. "ನಿಮ್ಮ ಮಗು ಆಯ್ಕೆಯಾಗಿದೆ" ಅಂತ ಸಂದೇಶ ಕಳಿಸಿ ಸಾವಿರಾರು ರೂಪಾಯಿ ಕೇಳುವ ಬೇಸಿಗೆ ಶಿಬಿರಗಳೂ ಇವೆ. ಪರೀಕ್ಷೆಯಿಲ್ಲ, ಅಂಕಪಟ್ಟಿ ಕೇಳಿಲ್ಲ, ಮತ್ತೆ ಆಯ್ಕೆ ಹೇಗಾಯಿತು? ಅದು ಆಯ್ಕೆಯಲ್ಲ, ವ್ಯಾಪಾರ.

ಹಾಗಾದರೆ ಈಗ ಏನು ಮಾಡಬೇಕು? ಮಗು ಎಂಟನೇ ತರಗತಿಗೆ ಬಂದಾಗ ಒಂದು ಫೈಲ್ ಮಾಡಿ. ಅಂಕಪಟ್ಟಿ, ಮೇಳ, ಆಟ, ಸ್ಕೌಟ್, ಎಲ್ಲ ಕಾಗದ ಅದರಲ್ಲಿರಲಿ, ಫೋನಿನಲ್ಲೂ ಒಂದು ಫೋಟೋ ಇರಲಿ. ಶಾಲೆಯಲ್ಲಿ ವಿಜ್ಞಾನ ಮೇಳ ಇದ್ದರೆ ಹೆಸರು ಕೊಡಿಸಿ. ಫೆಬ್ರವರಿ ಬಂದಾಗಿನಿಂದ ಇಸ್ರೋ ವೆಬ್‌ಸೈಟ್ ವಾರಕ್ಕೊಮ್ಮೆ ನೋಡಿ. ಶಾಲೆಯ ಮುಖ್ಯಸ್ಥರ ಸಹಿ ಬೇಕಾಗುತ್ತದೆ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಕೊನೆಗೊಂದು ಮಾತು. ಮುಂಬೈ, ಪುಣೆ, ಹೈದರಾಬಾದ್‌ನಲ್ಲಿರುವ ನಮ್ಮ ಮಕ್ಕಳಿಗೆ ಆ ಹಳ್ಳಿಯ 15 ಅಂಕ ಸಿಗೋದಿಲ್ಲ. ಆದರೆ ಬೀದರ್, ಕಲಬುರಗಿ, ವಿಜಯಪುರ ಕಡೆಯ ಹಳ್ಳಿಯಲ್ಲಿ ಓದುತ್ತಿರುವ ನಿಮ್ಮ ತಂಗಿಯ ಮಗಳಿಗೆ ಸಿಗುತ್ತದೆ. ಅವಳಿಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ. ಇವತ್ತೇ ಒಂದು ಫೋನ್ ಮಾಡಿ. ನನ್ನ ಹಾಗೆ "ನಾಳೆ" ಅನ್ನಬೇಡಿ.